ಮಳೆ ಬಿದ್ದದ್ದು ಎಷ್ಟು ಹೊತ್ತಿಗೆ?

ಮಳೆಗಾಲ ಬಂತೆಂದರೆ ಬೆಳಗಿನ ವಾರ್ತೆಯಲ್ಲಿ ಆಗುಂಬೆಯ ಹೆಸರು ಬಂದೇ ಬರುತ್ತದೆ. ಕಳೆದ 24 ಗಂಟೆಗಳಲ್ಲಿ ಅಲ್ಲಿ ಇಷ್ಟು ಮಿಲಿಮೀಟರ್ ಮಳೆಯಾಯಿತು ಎನ್ನುತ್ತಾರೆ. ನಾವು ಆ ಅಂಕಿಯನ್ನು ಹಿಡಿದುಕೊಂಡು ಹೋದ ವರ್ಷದ ಮಳೆಯ ಜೊತೆ ತೂಗಿ ನೋಡುತ್ತೇವೆ. ಆದರೆ ಆ 24 ಗಂಟೆ ಶುರುವಾದದ್ದು ಯಾವಾಗ, ಮುಗಿದದ್ದು ಯಾವಾಗ ಎಂದು ಕೇಳುವವರು ಅಪರೂಪ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ನಡುರಾತ್ರಿಗೆ ಹುಟ್ಟುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಮಾರನೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಎಂಟೂವರೆಯೇ ಏಕೆ? ಜಗತ್ತಿನ ಹವಾಮಾನ ಕೇಂದ್ರಗಳೆಲ್ಲ ಒಂದೇ ಗಡಿಯಾರವನ್ನು ನೋಡಿಕೊಂಡು ಮೂರು ಮೂರು ಗಂಟೆಗೊಮ್ಮೆ ಅಳತೆ ತೆಗೆಯುತ್ತವೆ. ಆ ಜಾಗತಿಕ ಗಡಿಯಾರದ ಸಮಯಕ್ಕೆ ಯುಟಿಸಿ ಎನ್ನುತ್ತಾರೆ. ಅಲ್ಲಿ 3 ಗಂಟೆಯಾದಾಗ ಇಲ್ಲಿ ಎಂಟೂವರೆ. ನಮ್ಮ ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು.

ಈ ಅಳತೆಯನ್ನು ಹಿಂದೆಲ್ಲ ಮನುಷ್ಯರೇ ತೆಗೆಯುತ್ತಿದ್ದರು. ಅನೇಕ ಕಡೆ ಇಂದಿಗೂ ತೆಗೆಯುತ್ತಾರೆ. ಕೊಡೆ ಹಿಡಿದು ಮಳೆಮಾಪಕದ ಬಳಿಗೆ ಹೋಗಿ, ಒಳಗೆ ಸೇರಿದ ನೀರನ್ನು ಅಳತೆಯ ಗಾಜಿಗೆ ಸುರಿದು, ಪುಸ್ತಕದಲ್ಲಿ ಬರೆದು ಬರುತ್ತಾರೆ. ಅವರ ಕೈಗಡಿಯಾರ ಸರಿಯಿದೆಯೇ ಎಂದು ನೋಡಿಕೊಳ್ಳಲು ಇದೇ ಬಾನುಲಿ ಇತ್ತು. ವಾರ್ತೆಗೆ ಮುನ್ನ ಬರುತ್ತಿದ್ದ ಆ ಪಿಪ್ ಪಿಪ್ ಸದ್ದಿಗೆ ಗಡಿಯಾರದ ಮುಳ್ಳು ತಿರುಗಿಸಿಕೊಂಡವರು ನಿಮ್ಮಲ್ಲೂ ಅನೇಕರಿರುತ್ತೀರಿ. ಇನ್ನೂ ನಿಖರವಾಗಿ ಬೇಕಾದವರಿಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಎಟಿಎ ಎಂಬ ಗುರುತಿನಲ್ಲಿ, ಶಾರ್ಟ್‌ವೇವ್‌ನಲ್ಲಿ ಸಮಯವನ್ನೇ ಬಿತ್ತರಿಸುತ್ತಿತ್ತು.

ಈಗ ಘಟ್ಟದ ನೆತ್ತಿಯಲ್ಲಿ, ಕಾಡಿನ ಅಂಚಿನಲ್ಲಿ, ಮನುಷ್ಯರು ದಿನಾ ಹೋಗಲಾಗದ ಕಡೆಗಳಲ್ಲಿ ಯಂತ್ರಗಳು ನಿಂತಿವೆ. ಒಂದು ಕಂಬ. ಅದರ ಮೇಲೆ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದೊಂದು ಸೌರ ಫಲಕ. ಪಕ್ಕದಲ್ಲಿ ಮಳೆಮಾಪಕ. ಅದರೊಳಗೆ ಎರಡು ಪುಟ್ಟ ಬಟ್ಟಲುಗಳು ತೂಗುತ್ತಿರುತ್ತವೆ. ಒಂದು ತುಂಬಿದೊಡನೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಒಂದು ಮಗುಚುವಿಕೆಗೆ ಇಷ್ಟು ಮಳೆ ಎಂಬ ಲೆಕ್ಕ, ಸಾಮಾನ್ಯವಾಗಿ 0.2 ಅಥವಾ 0.5 ಮಿಲಿಮೀಟರ್. ಕಂಬಕ್ಕೆ ಕಟ್ಟಿದ ಪೆಟ್ಟಿಗೆಯೊಳಗೆ ಒಂದು ಬ್ಯಾಟರಿ ಮತ್ತು ಈ ಮಗುಚುವಿಕೆಗಳನ್ನು ಎಣಿಸಿ ನೆನಪಿಟ್ಟುಕೊಳ್ಳುವ ಡೇಟಾ ಲಾಗರ್. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ನಿಲ್ಲಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಸುದ್ದಿ ಮುಟ್ಟಿಸುತ್ತವೆ. ಮೊಬೈಲ್ ಸಿಗ್ನಲ್ಲೇ ಇಲ್ಲದ ಕಡೆ ಉಪಗ್ರಹ ಬೇಕು. ನಾನು ಈ ಹೊತ್ತು ಮಾತಾಡಲು ಬಂದಿರುವುದು ಅಂಥ ಕೇಂದ್ರಗಳ ಬಗ್ಗೆ, ಅದರಲ್ಲೂ ಅವುಗಳ ಗಡಿಯಾರದ ಬಗ್ಗೆ.

ಉಪಗ್ರಹ ಎಂದರೆ ಕನ್ನಡಿಗರಿಗೆ ಹತ್ತಿರದ ಮಾತೇ. ನಮ್ಮ ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿದೆ, 1982ರಿಂದಲೂ ಇದೆ. 2016ರ ಸೆಪ್ಟೆಂಬರ್ 8ರಂದು ಹಾರಿದ ಇನ್ಸಾಟ್-3ಡಿಆರ್, 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಮುಖ್ಯವಾಗಿ ಮೋಡಗಳ ಚಿತ್ರ ತೆಗೆಯಲೆಂದು ಹೋದವು. ಆದರೆ ಅವುಗಳಲ್ಲಿ ಇನ್ನೊಂದು ಉಪಕರಣವೂ ಇದೆ. ನೆಲದ ಮೇಲಿನ ಸಣ್ಣ ಸಣ್ಣ ಕೇಂದ್ರಗಳು 402 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕಳಿಸುವ ಕ್ಷೀಣ ಸಂದೇಶವನ್ನು ಅದು ಹಿಡಿದು, ಬೇರೆ ಕಂಪನಾಂಕಕ್ಕೆ ಬದಲಿಸಿ ಕೆಳಕ್ಕೆ ಮರಳಿಸುತ್ತದೆ. ಹವಾಮಾನ ಇಲಾಖೆಯ ಸ್ವಯಂಚಾಲಿತ ಕೇಂದ್ರಗಳ ಮಾಹಿತಿಯನ್ನು ಹಾಗೆ ಹಿಡಿಯುವ ಭೂಕೇಂದ್ರ ಪುಣೆಯಲ್ಲಿದೆ. ಮಲೆನಾಡಿನ ಗುಡ್ಡದಿಂದ 36,000 ಕಿಲೋಮೀಟರ್ ಮೇಲೇರಿ ಪುಣೆಗೆ ಇಳಿಯಲು ಆ ಸಂದೇಶಕ್ಕೆ ಕಾಲು ಸೆಕೆಂಡ್ ಸಾಕು.

ತೊಡಕು ಇರುವುದು ಬೇರೆ ಕಡೆ. ಕೇಂದ್ರಗಳು ನೂರಾರು, ಅವೆಲ್ಲ ಮಾತಾಡಬೇಕಾದ ದಾರಿ ಒಂದೇ. ಎರಡು ಕೇಂದ್ರಗಳು ಒಂದೇ ಕ್ಷಣದಲ್ಲಿ ಮಾತಾಡಿದರೆ ಎರಡೂ ಕೇಳಿಸುವುದಿಲ್ಲ. ಹಳೆಯ ಒಂದು ಪದ್ಧತಿಯಲ್ಲಿ ಪ್ರತಿ ಕೇಂದ್ರವೂ ಗೊತ್ತಾದ ಅವಧಿಯೊಳಗೆ ಒಂದೇ ಸಂದೇಶವನ್ನು ಹಲವು ಸಲ, ಯಾವ ಕ್ರಮವೂ ಇಲ್ಲದ ಕ್ಷಣಗಳಲ್ಲಿ ಕಳಿಸುತ್ತಿತ್ತು. ಅವುಗಳಲ್ಲಿ ಒಂದಾದರೂ ಯಾವುದಕ್ಕೂ ಡಿಕ್ಕಿಯಾಗದೆ ಮುಟ್ಟೀತು ಎಂಬ ಭರವಸೆ. ಕೇಂದ್ರಗಳು ಹೆಚ್ಚಿದಂತೆ ಈ ಭರವಸೆ ಸಾಲದು. ಆದ್ದರಿಂದ ಬಂದದ್ದು ಸರದಿಯ ಪದ್ಧತಿ. ಕೆರೆಯ ಅಚ್ಚುಕಟ್ಟಿನಲ್ಲಿ ನೀರಗಂಟಿ ಗದ್ದೆ ಗದ್ದೆಗೆ ನೀರಿನ ಹೊತ್ತು ಗೊತ್ತುಮಾಡುತ್ತಾನಲ್ಲ, ಹಾಗೆ ಪ್ರತಿ ಕೇಂದ್ರಕ್ಕೂ ಗಂಟೆಯ ಇಷ್ಟನೆಯ ನಿಮಿಷದ ಇಷ್ಟನೆಯ ಸೆಕೆಂಡ್ ಎಂದು ಗೊತ್ತುಮಾಡಿರುತ್ತಾರೆ. ವ್ಯತ್ಯಾಸವಿಷ್ಟೆ: ಇಲ್ಲಿ ಬದುವಿನ ಮೇಲೆ ನಿಂತು ನೋಡಿಕೊಳ್ಳುವ ನೀರಗಂಟಿ ಇಲ್ಲ. ಪ್ರತಿ ಯಂತ್ರವೂ ತನ್ನ ಗಡಿಯಾರ ನೋಡಿಕೊಂಡು ತಾನೇ ಬಾಯಿ ತೆರೆಯಬೇಕು, ತಾನೇ ಮುಚ್ಚಬೇಕು. ಅಮೆರಿಕದ ಗೋಸ್ ಉಪಗ್ರಹಗಳ ಇಂಥದೇ ವ್ಯವಸ್ಥೆಯಲ್ಲಿ, ಗೊತ್ತಾದ ಕ್ಷಣದಿಂದ ಕಾಲು ಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗಬಾರದೆಂಬ ನಿಯಮವಿದೆ. ಗಡಿಯಾರ ತಪ್ಪಿದ ಕೇಂದ್ರ ತನ್ನ ಸಂದೇಶವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಏನೂ ತಪ್ಪು ಮಾಡದ ನೆರೆಯ ಕೇಂದ್ರದ ಸಂದೇಶವನ್ನೂ ಹಾಳುಮಾಡುತ್ತದೆ. ನನಗೆ ಇದು ಬರಿಯ ತಾಂತ್ರಿಕ ವಿಷಯವಾಗಿ ಕಾಣುವುದಿಲ್ಲ. ಜೋರು ಮಳೆಯ ರಾತ್ರಿ ಆ ನೆರೆಯ ಕೇಂದ್ರದ ಒಂದು ಗಂಟೆಯ ಅಂಕಿ ಯಾವ ಊರಿಗೆ ಬೇಕಾಗಿತ್ತೋ ಯಾರಿಗೆ ಗೊತ್ತು?

ಹಾಗಾದರೆ ಯಂತ್ರದೊಳಗಿನ ಗಡಿಯಾರ ಎಷ್ಟು ನಂಬಿಕಸ್ಥ? ನಿಮ್ಮ ಕೈಗಡಿಯಾರದಲ್ಲಿರುವುದೇ ಅಲ್ಲೂ ಇರುವುದು, ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಸ್ಫಟಿಕದ ಚೂರು. ಕೈಗಡಿಯಾರ ನಮ್ಮ ಮೈಗೆ ಅಂಟಿಕೊಂಡು ಹೆಚ್ಚು ಬಿಸಿಯೂ ಇಲ್ಲದೆ ಹೆಚ್ಚು ತಂಪೂ ಇಲ್ಲದೆ ಇರುತ್ತದೆ. ಗುಡ್ಡದ ಮೇಲಿನ ಪೆಟ್ಟಿಗೆಗೆ ಆ ಭಾಗ್ಯವಿಲ್ಲ. ಈ ಸ್ಫಟಿಕ 25 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ನಡೆಯುತ್ತದೆ. ಅಲ್ಲಿಂದ 20 ಡಿಗ್ರಿ ಆಚೆಗೆ ಹೋದರೆ ದಿನಕ್ಕೆ ಒಂದು ಸೆಕೆಂಡಿಗೂ ಹೆಚ್ಚು ಹಿಂದೆ ಬೀಳುತ್ತದೆ. ಇದರಲ್ಲೊಂದು ವಿಶೇಷವಿದೆ: ಬಿಸಿಲಿಗೆ ಕಾದರೂ ಅದು ನಿಧಾನವಾಗುತ್ತದೆ, ಚಳಿಗೆ ತಣಿದರೂ ನಿಧಾನವೇ ಆಗುತ್ತದೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕಾದ ಗಡಿಯಾರ ಡಿಸೆಂಬರ್ ಚಳಿಯಲ್ಲಿ ಮುಂದೋಡಿ ಲೆಕ್ಕ ಸರಿಮಾಡಿಕೊಳ್ಳುತ್ತದೆ ಎಂದು ಕಾಯುವಂತಿಲ್ಲ. ತಪ್ಪು ಒಂದೇ ದಿಕ್ಕಿಗೆ ಕೂಡುತ್ತಾ ಹೋಗುತ್ತದೆ. ತಿಂಗಳಿಗೆ ಅರ್ಧ ನಿಮಿಷ, ವರ್ಷಕ್ಕೆ ಹಲವಾರು ನಿಮಿಷ. ಉಷ್ಣತೆಗೆ ತಕ್ಕಂತೆ ತಿದ್ದಿಕೊಳ್ಳುವ ಉತ್ತಮ ಸ್ಫಟಿಕಗಳೂ ಇವೆ, ಅವು ಎಷ್ಟೋ ವಾಸಿ. ಆದರೂ ಕಾಲು ಸೆಕೆಂಡಿನ ಶಿಸ್ತನ್ನು ವರ್ಷಗಟ್ಟಲೆ ಕಾಯುವುದು ಅವುಗಳಿಂದಲೂ ಆಗದು.

ಆದ್ದರಿಂದ ಹೊರಗಿನ ಗಡಿಯಾರಕ್ಕೆ ತಾಳೆ ಹಾಕಬೇಕು. ಆ ಗಡಿಯಾರವೇ ಜಿಪಿಎಸ್.

ಜಿಪಿಎಸ್ ಎಂದರೆ ದಾರಿ ತೋರಿಸುವ ವ್ಯವಸ್ಥೆ ಎಂದೇ ನಮ್ಮೆಲ್ಲರ ತಿಳಿವಳಿಕೆ. ವಾಸ್ತವವಾಗಿ ಅದು ಆಕಾಶದಲ್ಲಿ ತಿರುಗುವ ಪರಮಾಣು ಗಡಿಯಾರಗಳ ಒಂದು ಸಮೂಹ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳು ತಮ್ಮ ಸಮಯವನ್ನು ಬಿತ್ತರಿಸುತ್ತಿರುತ್ತವೆ. ಆ ಸಂಕೇತ ನಮಗೆ ಮುಟ್ಟಲು ಹಿಡಿದ ಹೊತ್ತನ್ನು ಅಳೆದೇ ದೂರ ತಿಳಿಯುವುದು, ದೂರಗಳಿಂದಲೇ ಜಾಗ ತಿಳಿಯುವುದು. ಜಾಗಕ್ಕೆ ಮೂರು ಅಂಕಿ, ನಮ್ಮ ಗಡಿಯಾರದ ತಪ್ಪಿಗೆ ಇನ್ನೊಂದು, ಹೀಗೆ ನಾಲ್ಕು ಅಜ್ಞಾತಗಳನ್ನು ಬಿಡಿಸಲು ನಾಲ್ಕು ಉಪಗ್ರಹಗಳು ಬೇಕು. ದಾರಿ ಹುಡುಕುವವರಿಗೆ ಆ ನಾಲ್ಕನೆಯ ಉತ್ತರ ಬೇಕಿಲ್ಲ. ನಮಗೆ ಬೇಕಾದದ್ದು ಅದೊಂದೇ. ನಮ್ಮ ಮಳೆಮಾಪಕದ ಕಂಬ ಎಲ್ಲಿಗೂ ಓಡಾಡುವುದಿಲ್ಲ. ಅದರ ಜಾಗವನ್ನು ಒಮ್ಮೆ ಸರಿಯಾಗಿ ಕಂಡುಕೊಂಡು ಜಿಪಿಎಸ್ ಗ್ರಾಹಕಕ್ಕೆ ಹೇಳಿಕೊಟ್ಟರೆ, ಆಮೇಲೆ ಸಮಯಕ್ಕಾಗಿ ಒಂದೇ ಉಪಗ್ರಹ ಕಂಡರೂ ಸಾಕು. ಕೆಲವು ಗ್ರಾಹಕಗಳಲ್ಲಿ ಇದಕ್ಕೆಂದೇ ಒಂದು ಸೆಟ್ಟಿಂಗ್ ಇರುತ್ತದೆ. ಮರದ ನೆರಳು, ಗುಡ್ಡದ ಮರೆ ಎರಡೂ ಇರುವ ಘಟ್ಟದಲ್ಲಿ ಇದರ ಬೆಲೆ ಬಹಳ. ಆದರೂ ಇದನ್ನು ಬಳಸದೆ ಬಿಡುವುದೇ ಹೆಚ್ಚು.

ಇನ್ನು ವಿದ್ಯುತ್ತಿನ ಪಾಡು. ಜುಲೈ ತಿಂಗಳಲ್ಲಿ ಆಗುಂಬೆಯ ಕಡೆ ಸೂರ್ಯ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಮಳೆ ಹೆಚ್ಚಿದಾಗಲೇ ಯಂತ್ರ ಚೆನ್ನಾಗಿ ದುಡಿಯಬೇಕು, ಆಗಲೇ ಅದರ ಬ್ಯಾಟರಿಗೆ ಊಟವಿಲ್ಲ. ಜಿಪಿಎಸ್ ಗ್ರಾಹಕವನ್ನು ಹಗಲೂ ರಾತ್ರಿ ಹಚ್ಚಿಟ್ಟರೆ ಲಾಗರಿಗಿಂತ ಅದೇ ಹೆಚ್ಚು ಕರೆಂಟು ತಿನ್ನುತ್ತದೆ. ಹಾಗಾಗಿ ದಿನಕ್ಕೊಮ್ಮೆ ಕೆಲವು ನಿಮಿಷ ಹಚ್ಚಿ, ಸಮಯ ತಾಳೆ ನೋಡಿ, ಆರಿಸುವುದು ರೂಢಿ. ಇಲ್ಲೇ ಒಂದು ಸೂಕ್ಷ್ಮ ಅಡಗಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಂಡೂ ಕಾಣದಂಥ ಎಷ್ಟೋ ತಪ್ಪುಗಳ ಬೇರು ಇಲ್ಲಿದೆ.

ಜಿಪಿಎಸ್‌ನ ಸಮಯ ಮತ್ತು ಜಗತ್ತಿನ ಯುಟಿಸಿ ಸಮಯ ಒಂದೇ ಅಲ್ಲ. ಜಿಪಿಎಸ್ ತನ್ನ ಎಣಿಕೆ ಶುರುಮಾಡಿದ್ದು 1980ರ ಜನವರಿ 6ರಿಂದ; ಆ ದಿನ ಎರಡೂ ಸರಿಸಮ ಇದ್ದವು. ಆದರೆ ಭೂಮಿ ತಿರುಗುವ ವೇಗ ಪರಮಾಣು ಗಡಿಯಾರದಷ್ಟು ಸಮವಲ್ಲ. ಅದಕ್ಕೆ ಹೊಂದಿಸಲು ಯುಟಿಸಿಗೆ ಆಗಾಗ ಒಂದು ಅಧಿಕ ಸೆಕೆಂಡ್ ಸೇರಿಸುತ್ತ ಬಂದರು. ಜಿಪಿಎಸ್ ಅದನ್ನು ಸೇರಿಸಿಕೊಳ್ಳಲಿಲ್ಲ. ಕೊನೆಯ ಅಧಿಕ ಸೆಕೆಂಡ್ ಬಂದದ್ದು ನಮ್ಮ ಸಮಯದಲ್ಲಿ 2017ರ ಜನವರಿ 1ರ ಬೆಳಿಗ್ಗೆ. ಅಂದು 5 ಗಂಟೆ 29 ನಿಮಿಷ 59 ಸೆಕೆಂಡಿನ ಬಳಿಕ ಐದೂವರೆ ಆಗಲಿಲ್ಲ, ನಡುವೆ 60 ಎಂಬ ಇನ್ನೊಂದು ಸೆಕೆಂಡ್ ಬಂತು. ಅಂದಿನಿಂದ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಈ ಅಧಿಕ ಸೆಕೆಂಡಿನ ಪದ್ಧತಿಯನ್ನು 2035ರೊಳಗೆ ಬದಲಿಸಬೇಕೆಂದು ಅಳತೆ ತೂಕಗಳ ಅಂತರರಾಷ್ಟ್ರೀಯ ಮಹಾಸಭೆ 2022ರಲ್ಲಿ ತೀರ್ಮಾನಿಸಿತು. ಆದರೆ ಈಗಿರುವ 18 ಸೆಕೆಂಡ್ ಅಲ್ಲೇ ಇರುತ್ತದೆ.

ಎಷ್ಟು ಸೆಕೆಂಡ್ ಕಳೆಯಬೇಕು ಎಂಬುದನ್ನು ಉಪಗ್ರಹವೇ ಹೇಳುತ್ತದೆ. ಆದರೆ ಹೇಳುವ ವೇಗ ತೀರಾ ನಿಧಾನ, ಸೆಕೆಂಡಿಗೆ 50 ಬಿಟ್. ಉಪಗ್ರಹ ಎಲ್ಲಿದೆ, ಈಗ ಗಂಟೆ ಎಷ್ಟು ಎಂಬ ತುರ್ತು ಮಾಹಿತಿ 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಬರುತ್ತದೆ. ಈ 18ರ ಮಾಹಿತಿ ಮಾತ್ರ ಪೂರ್ತಿ ಸಂದೇಶದ ಒಂದು ಮೂಲೆಯಲ್ಲಿದೆ. ಆ ಪೂರ್ತಿ ಸಂದೇಶ ಮುಗಿಯಲು ಹನ್ನೆರಡೂವರೆ ನಿಮಿಷ ಬೇಕು. ಈಗ ಯೋಚಿಸಿ. ಕರೆಂಟು ಉಳಿಸಲೆಂದು ಗ್ರಾಹಕವನ್ನು ದಿನಕ್ಕೆ ಎರಡೇ ನಿಮಿಷ ಹಚ್ಚಿ ಆರಿಸುವಂತೆ ಸೆಟ್ಟಿಂಗ್ ಮಾಡಿದ್ದೇವೆ. ಆರಿದಾಗ ಅದರ ನೆನಪೂ ಅಳಿಯುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ ಸಮಯ ಸಿಗುತ್ತದೆ, ಜಾಗವೂ ಸಿಗುತ್ತದೆ, ಆದರೆ 18ರ ಸುದ್ದಿ ಬರುವ ಮೊದಲೇ ಕಣ್ಣು ಮುಚ್ಚಿರುತ್ತದೆ. ಆಗ ಅದು ತಯಾರಿಸಿದವರು ತನ್ನೊಳಗೆ ಬರೆದಿಟ್ಟ ಹಳೆಯ ಅಂಕಿಯನ್ನು ಬಳಸುತ್ತದೆ. 2015ರ ಮಧ್ಯಕ್ಕಿಂತ ಹಿಂದಿನ ಗ್ರಾಹಕವಾದರೆ ಆ ಅಂಕಿ 16 ಇರಬಹುದು. ಅಂದರೆ ಪ್ರತಿದಿನವೂ, ತಪ್ಪದೆ, ಎರಡು ಸೆಕೆಂಡ್ ತಪ್ಪು. ಪರದೆಯ ಮೇಲೆ ಮಾತ್ರ ಜಿಪಿಎಸ್ ತಾಳೆ ಯಶಸ್ವಿ ಎಂದೇ ಬರುತ್ತಿರುತ್ತದೆ. ಮಳೆಯ ಲೆಕ್ಕಕ್ಕೆ ಎರಡು ಸೆಕೆಂಡ್ ಏನೂ ಅಲ್ಲ. ಉಪಗ್ರಹದ ಸರದಿಗೆ ಅದು ದೊಡ್ಡದು.

ಪರಿಹಾರ ಕಷ್ಟದ್ದಲ್ಲ. ಗ್ರಾಹಕದ ನೆನಪಿಗೆ ಪುಟ್ಟ ಬ್ಯಾಟರಿಯ ಆಸರೆ ಇರಬೇಕು. ಕೇಂದ್ರ ಮೊದಲ ಸಲ ಶುರುವಾದಾಗ ಹದಿನೈದು ಇಪ್ಪತ್ತು ನಿಮಿಷ ಗ್ರಾಹಕವನ್ನು ಆರಿಸದೆ ಬಿಡಬೇಕು. ಆಮೇಲಿನ ದಿನಗಳಲ್ಲಿ ಎರಡು ಮೂರು ನಿಮಿಷ ಸಾಕಾಗುತ್ತದೆ. ಬೇಸಿಗೆಯ ತುಂಬು ಬಿಸಿಲಿನಲ್ಲಿ ಕೇಂದ್ರ ನಿಲ್ಲಿಸಿ, ಪರದೆಯಲ್ಲಿ ಸಮಯ ಬಂದೊಡನೆ ಪೆಟ್ಟಿಗೆ ಮುಚ್ಚಿ ಜೀಪು ಹತ್ತುವ ಅವಸರ ಬೇಡ ಎಂದಷ್ಟೇ ನನ್ನ ಕೋರಿಕೆ.

ಜಿಪಿಎಸ್‌ಗೆ ತಾರೀಖಿನ ತೊಂದರೆಯೂ ಒಂದಿದೆ. ಅದು ವಾರಗಳನ್ನು ಎಣಿಸುತ್ತದೆ, ಆದರೆ 1,023ರವರೆಗೆ ಮಾತ್ರ. ಆಮೇಲೆ ಮತ್ತೆ ಸೊನ್ನೆ. ಸುಮಾರು 19 ವರ್ಷ ಏಳೂವರೆ ತಿಂಗಳಿಗೊಮ್ಮೆ ಹೀಗಾಗುತ್ತದೆ. ಒಮ್ಮೆ 1999ರ ಆಗಸ್ಟ್ 22ರಂದು ಆಯಿತು, ಮತ್ತೊಮ್ಮೆ 2019ರ ಏಪ್ರಿಲ್ 7ರ ಬೆಳಗಿನ ಜಾವ. ಈ ಎರಡನೆಯ ಸಲ ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲ ಹಲವು ದಿನ ಸ್ಥಗಿತವಾಗಿತ್ತು. ಇದಕ್ಕೆ ಸಿದ್ಧವಾಗಿರದ ಗ್ರಾಹಕದಲ್ಲಿ ತಾರೀಖು ಒಂದೇ ಏಟಿಗೆ 2019ರಿಂದ 1999ಕ್ಕೆ ಜಾರುತ್ತದೆ. ಗಂಟೆ, ನಿಮಿಷ, ಸೆಕೆಂಡ್ ಎಲ್ಲ ಸರಿಯಾಗಿಯೇ ಇರುತ್ತವೆ. ಭಾನುವಾರ ಭಾನುವಾರವಾಗಿಯೇ ಇರುತ್ತದೆ. ಕೇಂದ್ರ ತನ್ನ ಸರದಿಗೆ ಸರಿಯಾಗಿ ಸಂದೇಶವನ್ನೂ ಕಳಿಸುತ್ತದೆ. ಆದರೆ ಸ್ವೀಕರಿಸುವ ಕಡೆಯ ಕಂಪ್ಯೂಟರ್ 1999ರ ಅಂಕಿಯನ್ನು ಕಂಡು ಇದು ಹಳೆಯದು ಎಂದು ಬದಿಗೆ ತಳ್ಳಿದರೆ, ಬಟ್ಟಲು ಮಗುಚುತ್ತಲೇ ಇರುವ ಕೇಂದ್ರ ಕಡತದಲ್ಲಿ ಸತ್ತ ಕೇಂದ್ರವಾಗುತ್ತದೆ. ಮುಂದಿನ ಸರದಿ 2038ರ ನವೆಂಬರ್‌ನಲ್ಲಿ. ಇಂದು ಕೊಳ್ಳುವ ಯಂತ್ರ ಅಂದಿಗೂ ಗುಡ್ಡದ ಮೇಲೆ ನಿಂತಿರಬಹುದು. ಕೊಳ್ಳುವ ಮುನ್ನ ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ಜಿಪಿಎಸ್ ಸಿಗದೆಯೇ ಹೋದರೆ? ಇಲಿ ಕೇಬಲ್ ಕಡಿಯುತ್ತದೆ, ಆಂಟೆನಾದ ಬುಡಕ್ಕೆ ನೀರಿಳಿಯುತ್ತದೆ, ಕೇಂದ್ರ ನಿಲ್ಲಿಸಿದಾಗ ಮೊಣಕಾಲೆತ್ತರ ಇದ್ದ ಗಿಡ ನಾಲ್ಕು ಮಳೆಗಾಲದಲ್ಲಿ ಆಂಟೆನಾಕ್ಕೆ ಕೊಡೆ ಹಿಡಿಯುತ್ತದೆ. ಆಗ ಯಂತ್ರ ಏನು ಮಾಡಬೇಕೆಂಬುದೂ ಒಂದು ಸೆಟ್ಟಿಂಗ್. ಗೋಸ್ ವ್ಯವಸ್ಥೆಗೆಂದು ತಯಾರಾದ ಕೆಲವು ಪ್ರಸಾರಕಗಳು ಜಿಪಿಎಸ್ ಇಲ್ಲದೆ 28 ದಿನ ನಡೆಸಿಕೊಂಡು ಹೋಗಿ, ಆಮೇಲೆ ತಾವಾಗಿಯೇ ಮಾತು ನಿಲ್ಲಿಸುತ್ತವೆ. ಈ ಅಂಕಿ ಸುಮ್ಮನೆ ಬಂದದ್ದಲ್ಲ. ಒಳಗಿನ ಗಡಿಯಾರ ದಿನಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗ ತಪ್ಪಿದರೆ, 28 ದಿನಕ್ಕೆ ಕಾಲು ಸೆಕೆಂಡ್ ದಾಟುತ್ತದೆ. ಅಲ್ಲಿಗೆ ನೆರೆಯವನ ಹೊತ್ತನ್ನು ಕಸಿಯುವ ಹಂತ ಬಂತು. ಕೆಲವರು ಈ ತಡೆಯನ್ನು ತೆಗೆದುಹಾಕುವುದುಂಟು. ಕೇಂದ್ರ ಸುಮ್ಮನಾಗುವುದಕ್ಕಿಂತ ಹೇಗಾದರೂ ಮಾತಾಡುತ್ತಿರಲಿ ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ಸಮಯ ತಿಳಿಯದ ಯಂತ್ರ ಪ್ರಸಾರ ನಿಲ್ಲಿಸಲಿ. ಮಳೆ ಎಣಿಸುವುದನ್ನು, ತನ್ನ ನೆನಪಿನಲ್ಲಿ ಬರೆದಿಡುವುದನ್ನು ಮಾತ್ರ ನಿಲ್ಲಿಸದಿರಲಿ. ಆ ಮೌನವೂ ನಮಗೆ ಒಂದು ಸುದ್ದಿ, ಯಾರಾದರೂ ಗುಡ್ಡ ಹತ್ತಬೇಕು ಎಂಬ ಸುದ್ದಿ.

ಗಡಿಯಾರ ತಿದ್ದುವ ಹೊತ್ತಿನಲ್ಲೇ ಆಗುವ ಅನಾಹುತವೊಂದನ್ನು ಹೇಳಬೇಕು. ಲಾಗರ್ 15 ನಿಮಿಷಕ್ಕೊಮ್ಮೆ ಮಳೆಯ ಮೊತ್ತ ಬರೆಯುತ್ತದೆ ಎನ್ನಿ. ಅದರ ಗಡಿಯಾರ 20 ಸೆಕೆಂಡ್ ಮುಂದಿದೆ. ಅದು ಹತ್ತು ಗಂಟೆಯ ಮೊತ್ತ ಬರೆಯಿತು. ಐದು ಸೆಕೆಂಡ್ ಕಳೆದ ಮೇಲೆ ಜಿಪಿಎಸ್ ಬಂದು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿತು. ಈಗ ಮತ್ತೊಮ್ಮೆ ಹತ್ತು ಗಂಟೆಯಾಗುತ್ತದೆ, ಮತ್ತೊಂದು ಮೊತ್ತ ಬರೆಯುತ್ತದೆ. ಆದರೆ ಈ ಸಲ ಅದರಲ್ಲಿರುವುದು 20 ಸೆಕೆಂಡಿನ ಮಳೆ. ಕಚೇರಿಯ ಕಂಪ್ಯೂಟರ್ ಒಂದೇ ಸಮಯದ ಎರಡು ಸಾಲು ಕಂಡಾಗ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸಿದರೆ, ಹದಿನೈದು ನಿಮಿಷದ ಧಾರಾಕಾರ ಮಳೆ ಕಾಗದದಿಂದ ಮಾಯ. ಗಡಿಯಾರ ಹಿಂದಿದ್ದು ಮುಂದಕ್ಕೆ ಜಿಗಿದರೆ ಇದರ ಉಲ್ಟಾ: ಹತ್ತು ಗಂಟೆ ಎಂಬ ಕ್ಷಣವೇ ಬರುವುದಿಲ್ಲ, ಆ ಸಾಲೇ ಇರುವುದಿಲ್ಲ. ಆದ್ದರಿಂದ ತಾಳೆ ಹಾಕುವ ಹೊತ್ತನ್ನು ಕಾಲು ಗಂಟೆಯ ಗಡಿಯಿಂದ ದೂರ ಇಡಬೇಕು. ಗಂಟೆ ದಾಟಿ ಏಳು ನಿಮಿಷಕ್ಕೆ ಎಂದಿಟ್ಟರೆ ಕೆಲಸ ಸುಸೂತ್ರ. ಎಷ್ಟು ತಿದ್ದಿತು ಎಂಬುದನ್ನೂ ಲಾಗರ್ ತಾನೇ ಬರೆದಿಡುವಂತೆ ಮಾಡಬೇಕು. ಆ ಅಂಕಿಗಳ ಸಾಲನ್ನು ನೋಡಿದರೆ ಸ್ಫಟಿಕ ಮುಪ್ಪಾಗುತ್ತಿರುವುದು, ಪೆಟ್ಟಿಗೆ ಕಾಯುತ್ತಿರುವುದು ಕೂತಲ್ಲೇ ತಿಳಿಯುತ್ತದೆ.

ಇಷ್ಟು ಹೊತ್ತು ಸೆಕೆಂಡುಗಳ ಮಾತಾಯಿತು. ನಾನು ಕಂಡ ದೊಡ್ಡ ತಪ್ಪುಗಳು ಸೆಕೆಂಡಿನವಲ್ಲ, ಗಂಟೆಗಳವು. 18 ಸೆಕೆಂಡ್ ಕಳೆದು ಜಿಪಿಎಸ್ ಗ್ರಾಹಕ ಕೊಡುವುದು ಯುಟಿಸಿ. ಲಾಗರಿನಲ್ಲಿ ಐದೂವರೆ ಗಂಟೆ ಕೂಡಿಸುವ ಸೆಟ್ಟಿಂಗ್ ಇರುತ್ತದೆ. ಒಬ್ಬರು ಕೂಡಿಸಿರುತ್ತಾರೆ, ಅದು ತಿಳಿಯದೆ ಕಚೇರಿಯಲ್ಲಿ ಇನ್ನೊಬ್ಬರು ಮತ್ತೆ ಕೂಡಿಸುತ್ತಾರೆ. ಬೆಳಗಿನ ಜಾವ 3ರಿಂದ 6ರವರೆಗೆ ಸುರಿದ ಮಳೆ ಕಾಗದದಲ್ಲಿ ಎಂಟೂವರೆಯಿಂದ ಹನ್ನೊಂದೂವರೆಗೆ ಬಿದ್ದಂತಾಗುತ್ತದೆ. ಎಂಟೂವರೆ ಎಂದರೆ ಮಳೆಯ ದಿನದ ಗಡಿ ಎಂದೆನಲ್ಲ. ಅಷ್ಟೂ ಮಳೆ ಮಾರನೆಯ ದಿನದ ಖಾತೆಗೆ ಹೋಯಿತು. ಒಂದು ದಿನದ ಪ್ರವಾಹಕ್ಕೆ ಮಳೆಯೇ ಇಲ್ಲ, ಮರುದಿನದ ಮಳೆಗೆ ಪ್ರವಾಹವೇ ಇಲ್ಲ. ಹೀಗಾಗಿರುವ ಹಳೆಯ ದಾಖಲೆಯನ್ನು ಪತ್ತೆಹಚ್ಚಲು ಒಂದು ಸುಲಭ ಉಪಾಯವಿದೆ. ಲಾಗರ್ ಸೌರ ಫಲಕದ ವೋಲ್ಟೇಜನ್ನೂ ಬರೆಯುತ್ತಿರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ನಮ್ಮ ಭಾರತೀಯ ಸಮಯವನ್ನು ಲೆಕ್ಕ ಹಾಕಿರುವುದು 82.5 ಡಿಗ್ರಿ ರೇಖಾಂಶಕ್ಕೆ. ಮಲೆನಾಡು ಇರುವುದು 75ರ ಆಸುಪಾಸಿನಲ್ಲಿ. ಆದ್ದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಹನ್ನೆರಡೂವರೆಗೆ, ಋತುವಿಗೆ ತಕ್ಕಂತೆ ಕಾಲು ಗಂಟೆ ಆಚೀಚೆ. ದಾಖಲೆಯಲ್ಲಿ ಬೆಳಕು ಏರಿ ಇಳಿಯುವ ನಟ್ಟನಡುವಿನ ಹೊತ್ತು ಹನ್ನೆರಡೂವರೆ ಇದ್ದರೆ ಅದು ಭಾರತೀಯ ಸಮಯ, ಬೆಳಿಗ್ಗೆ ಏಳು ಇದ್ದರೆ ಯುಟಿಸಿ, ಸಂಜೆ ಆರು ಇದ್ದರೆ ಯಾರೋ ಎರಡು ಸಲ ಕೂಡಿಸಿದ್ದಾರೆ. ಸೂರ್ಯನ ಸಾಕ್ಷಿ ಇದ್ದ ಮೇಲೆ ವಾದಕ್ಕೆ ಎಡೆಯಿಲ್ಲ. ನನ್ನ ಅಭಿಪ್ರಾಯ ಹೀಗಿದೆ: ಯಂತ್ರದೊಳಗೆ ಯುಟಿಸಿಯೇ ಇರಲಿ, ಐದೂವರೆ ಕೂಡಿಸುವ ಕೆಲಸ ಜನರಿಗೆ ತೋರಿಸುವ ಕೊನೆಯ ಹಂತದಲ್ಲಿ, ಒಂದೇ ಕಡೆ ಆಗಲಿ.

ಇನ್ನೂ ಒಂದಿದೆ. ಎಂಟೂವರೆ ಎಂಬ ಗುರುತಿನೆದುರು ಬರೆದ ಮಳೆ ಎಂಟೂಕಾಲರಿಂದ ಎಂಟೂವರೆಯವರೆಗಿನದೋ, ಎಂಟೂವರೆಯಿಂದ ಎಂಟೂಮುಕ್ಕಾಲರವರೆಗಿನದೋ? ಕೆಲವು ಲಾಗರುಗಳು ಅವಧಿಯ ಕೊನೆಯನ್ನು ಬರೆಯುತ್ತವೆ, ಕೆಲವು ಕಚೇರಿಗಳು ಅದನ್ನೇ ಅವಧಿಯ ಮೊದಲು ಎಂದು ಓದುತ್ತವೆ. ದಾಖಲೆಯ ತಲೆಬರಹದಲ್ಲಿ ಒಂದು ಸಾಲು ಬರೆದರೆ ತೀರುವ ವಿಷಯ.

ಎಲ್ಲರಿಗೂ ಒಂದೇ ನಿಖರತೆ ಬೇಕಿಲ್ಲ. ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭೂಕಂಪನ ಮಾಪಕಗಳ ಒಂದು ಸಾಲೇ ಇದೆ. ಭೂಮಿಯ ಹೊರಪದರದಲ್ಲಿ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಅಲ್ಲಿ ಒಂದು ಸೆಕೆಂಡ್ ತಪ್ಪಿದರೆ ಭೂಕಂಪನದ ಜಾಗ 6 ಕಿಲೋಮೀಟರ್ ತಪ್ಪುತ್ತದೆ. ಅವರಿಗೆ ಮಿಲಿಸೆಕೆಂಡ್ ಬೇಕು. ಮಳೆಗೆ ನಿಮಿಷ ಸಾಕು, ಅದನ್ನು ಕಳಿಸುವ ಉಪಗ್ರಹದ ಸರದಿಗೆ ಮಾತ್ರ ಸೆಕೆಂಡಿನ ಭಾಗ ಬೇಕು. ಎಷ್ಟು ಬೇಕೆಂದು ಮೊದಲು ಕೇಳಿಕೊಂಡು ಆಮೇಲೆ ಸೆಟ್ಟಿಂಗ್‌ಗೆ ಕೈ ಹಾಕಬೇಕು.

ಮಳೆಗೆ ನಿಮಿಷ ಸಾಕೆಂದೆ. ಆ ನಿಮಿಷವಾದರೂ ಏಕೆ ಬೇಕೆಂದು ನೀವು ಕೇಳಬಹುದು. ತುಂಗೆ ಶೃಂಗೇರಿಯಿಂದ ತೀರ್ಥಹಳ್ಳಿಗೆ, ಅಲ್ಲಿಂದ ಗಾಜನೂರು ದಾಟಿ ಶಿವಮೊಗ್ಗೆಗೆ ಇಳಿಯುತ್ತಾಳೆ. ಶಿವಮೊಗ್ಗೆಯವರು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಿ ಹೊಳೆಯ ಮಟ್ಟ ಅಳೆಯುವುದು ರೂಢಿ. ಮಂಟಪ ಮುಳುಗುವ ಮುಂಚೆ ಹೇಳಬೇಕಾದರೆ, ಮೇಲಿನ ಘಟ್ಟದಲ್ಲಿ ಮಳೆ ಯಾವಾಗ ಬಿತ್ತು, ಆ ನೀರು ನಡುವಿನ ಊರನ್ನು ಯಾವಾಗ ದಾಟಿತು ಎಂಬ ಎರಡು ಸಮಯಗಳ ವ್ಯತ್ಯಾಸ ಗೊತ್ತಿರಬೇಕು. ಪ್ರವಾಹದ ಮುನ್ಸೂಚನೆ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಎರಡು ಕೇಂದ್ರಗಳ ಗಡಿಯಾರಗಳು ಹೊಂದದಿದ್ದರೆ, ಎರಡೂ ಮಳೆಯನ್ನು ಹನಿಹನಿಯಾಗಿ ಸರಿಯಾಗಿ ಅಳೆದಿದ್ದರೂ ಪ್ರಯೋಜನವಿಲ್ಲ. ನಾವು ಮಳೆಮಾಪಕದ ಬಟ್ಟಲಿಗೆ ನೀರು ಸುರಿದು ಅದು ಸರಿಯಿದೆಯೇ ಎಂದು ಪರೀಕ್ಷಿಸುತ್ತೇವೆ, ಪರೀಕ್ಷಾ ಪತ್ರ ಬರೆದು ಸಹಿ ಹಾಕುತ್ತೇವೆ. ಗಡಿಯಾರಕ್ಕೆ ಅಂಥ ಪತ್ರವಿಲ್ಲ. ನನ್ನ ಮಾತೆಲ್ಲ ಇಷ್ಟೇ: ಸಮಯವೂ ಒಂದು ಅಳತೆ. ಮಳೆಯ ಅಳತೆಗೆ ಕೊಡುವ ಮರ್ಯಾದೆಯನ್ನು ಅದಕ್ಕೂ ಕೊಡಬೇಕು.

ಈಗ ಜಿಪಿಎಸ್‌ನಂತೆಯೇ ಸಮಯ ಹೇಳುವ ನಮ್ಮದೇ ನಾವಿಕ್ ಉಪಗ್ರಹಗಳೂ ಇವೆ. ಅವುಗಳ ಸಂಚಾಲನಾ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ, ಬ್ಯಾಲಾಳುವಿನಲ್ಲಿ. ಮೊದಲಿನ ಉಪಗ್ರಹಗಳಲ್ಲಿ ವಿದೇಶದ ಪರಮಾಣು ಗಡಿಯಾರಗಳಿದ್ದವು. ಮೊದಲನೆಯ ಉಪಗ್ರಹದ ಗಡಿಯಾರಗಳು ಕೆಟ್ಟು ಅದರ ಮುಖ್ಯ ಕೆಲಸವೇ ನಿಂತಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ. ಎರಡೂ ವ್ಯವಸ್ಥೆಗಳನ್ನು ಹಿಡಿಯುವ ಗ್ರಾಹಕಗಳನ್ನು ಬಳಸಿದರೆ ಮರಗಳ ಸಂದಿನಲ್ಲೂ ಒಂದಲ್ಲ ಒಂದು ಉಪಗ್ರಹ ಸಿಗುವ ಸಾಧ್ಯತೆ ಹೆಚ್ಚುತ್ತದೆ.

ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲಿ, ಈ ಕೇಂದ್ರಗಳನ್ನು ನೋಡಿಬರಲು ಹುಡುಗರು ಗುಡ್ಡ ಹತ್ತುತ್ತಾರೆ. ಜಿಗಣೆ ಏಳುವ ಮೊದಲು ಹೋಗಿಬರಬೇಕು. ಮಳೆಮಾಪಕದ ಬಾಯಿಯಿಂದ ಎಲೆ ತೆಗೆಯುತ್ತಾರೆ, ಬ್ಯಾಟರಿ ನೋಡುತ್ತಾರೆ, ಫಲಕ ಒರೆಸುತ್ತಾರೆ. ಅವರಲ್ಲಿ ಯಾರಾದರೂ ಈ ಮಾತು ಕೇಳುತ್ತಿದ್ದರೆ ಅವರಿಗೆ ಒಂದು ವಿನಂತಿ. ಪೆಟ್ಟಿಗೆ ತೆರೆದೊಡನೆ, ಯಾವ ಗುಂಡಿಯನ್ನೂ ಒತ್ತುವ ಮೊದಲು, ಲಾಗರಿನ ಸಮಯವನ್ನೂ ನಿಮ್ಮ ಕೈಯಲ್ಲಿರುವ ಜಿಪಿಎಸ್‌ನ ಸಮಯವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ತಿದ್ದುವುದು ಆಮೇಲೆ. ಮೊದಲೇ ತಿದ್ದಿಬಿಟ್ಟರೆ ಹಿಂದಿನ ತಿಂಗಳುಗಳ ತಪ್ಪೆಷ್ಟೆಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಬರೆದಿಟ್ಟರೆ ಹಳೆಯ ದಾಖಲೆಯನ್ನೂ ಹಿಂದಕ್ಕೆ ಹೋಗಿ ಸರಿಪಡಿಸಬಹುದು. ವ್ಯತ್ಯಾಸ ಏನೂ ಇಲ್ಲದಿದ್ದರೂ ಸೊನ್ನೆ ಎಂದು ಬರೆಯಿರಿ. ಖಾಲಿ ಬಿಟ್ಟ ಜಾಗವನ್ನು ನೋಡಿದವರಿಗೆ ನೀವು ಪರೀಕ್ಷಿಸಿದ್ದೀರೋ ಮರೆತಿದ್ದೀರೋ ಗೊತ್ತಾಗುವುದಿಲ್ಲ.